ಮನೆಯ ಕಡಲನೀರಿನ ಅಕ್ವೇರಿಯಂನಲ್ಲಿ ಕೋರಲೈನ್ ಪಾಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲನೀರಿನ ಅಕ್ವೇರಿಯಂ ಇಟ್ಟವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಅಳತೆ ಮತ್ತು ರಸಾಯನಕ್ಕೆ ಸಂಬಂಧಿಸಿದವು ಕೊನೆಗೆ ಬರುತ್ತವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಇದು ಪಾಚಿಯೋ ಹವಳವೋ? ಮುಟ್ಟಿದರೆ ಕಲ್ಲಿನ ಹಾಗಿದೆಯಲ್ಲ!

ಪಾಚಿಯೇ. ಕೆಂಪು ಪಾಚಿಗಳ ಬಳಗಕ್ಕೆ ಸೇರಿದ ಈ ಜೀವಿ ತನ್ನ ಕೋಶಭಿತ್ತಿಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟನ್ನು ತುಂಬಿಕೊಳ್ಳುವುದರಿಂದ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಈ ಗಡಸುತನ ನೋಡಿ ಹಿಂದಿನ ಪಂಡಿತರೂ ಮೋಸಹೋಗಿದ್ದರು: ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇವುಗಳನ್ನು ಹವಳದಂಥ ಪ್ರಾಣಿಗಳ ಸಾಲಿನಲ್ಲಿ ಇಟ್ಟಿದ್ದನು, 1837ರಲ್ಲಿ ಜರ್ಮನಿಯ ರುಡಾಲ್ಫ್ ಫಿಲಿಪ್ಪಿ ಇವು ಸಸ್ಯವರ್ಗಕ್ಕೆ ಸೇರಿದವು ಎಂದು ವಿಂಗಡಿಸಿದನು. ಹವಳದ ಅಸ್ಥಿ ಅರಗೊನೈಟ್ ಎಂಬ ಹರಳಿನಿಂದ ಆಗಿದ್ದರೆ, ಈ ಪಾಚಿಯದು ಮೆಗ್ನೀಸಿಯಂ ಹೆಚ್ಚಾಗಿ ಬೆರೆತ ಕ್ಯಾಲ್ಸೈಟ್. ಈ ವ್ಯತ್ಯಾಸ ಮುಂದೆ ನೀರಿನ ಅಳತೆಗಳ ವಿಷಯ ಬಂದಾಗ ಉಪಯೋಗಕ್ಕೆ ಬರುತ್ತದೆ. ಮನೆಯ ಟ್ಯಾಂಕುಗಳಲ್ಲಿ ಕಾಣುವುದು ಹೆಚ್ಚಾಗಿ ಕಲ್ಲಿಗೆ ಅಂಟಿ ಹರಡುವ ಹೊರಪದರದ ಬಗೆ. ಗೆಣ್ಣುಗೆಣ್ಣಾಗಿ ಕವಲೊಡೆದು ಪೊದೆಯಂತೆ ನಿಲ್ಲುವ ಬಗೆಯೂ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ.

ನಮ್ಮ ಟ್ಯಾಂಕಿನಲ್ಲಿ ಕೆಂಪಗೆ ಏನೋ ಹರಡುತ್ತಿದೆ. ಇದು ಕೋರಲೈನೇ ಎಂದು ಹೇಗೆ ತಿಳಿಯುವುದು?

ಉಗುರಿನಿಂದ ಕೆರೆದು ನೋಡಿ. ಲೋಳೆಯಂತೆ ಜಾರಿ, ಹಾಳೆಯಂತೆ ಎದ್ದು ಬಂದರೆ, ಅದರಲ್ಲಿಯೂ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಂಡಿದ್ದರೆ, ಅದು ಪಾಚಿಯಂತೆ ಕಾಣುವ ಸಯನೋಬ್ಯಾಕ್ಟೀರಿಯ ಎಂಬ ಬ್ಯಾಕ್ಟೀರಿಯ. ಕಂದು ಹುಡಿಯಾಗಿ ಒರೆಸಿಹೋದರೆ ಡಯಾಟಂ ಎಂಬ ಸೂಕ್ಷ್ಮ ಪಾಚಿ. ಕೋರಲೈನ್ ಉಗುರಿಗೆ ಬಗ್ಗುವುದಿಲ್ಲ. ಗಾಜಿನ ಮೇಲಿದ್ದರೆ ಬ್ಲೇಡಿನಿಂದಲೇ ಕೆರೆಯಬೇಕು, ಆಗ ಚಕ್ಕೆಚಕ್ಕೆಯಾಗಿ ಬರುತ್ತದೆ. ಗಾಢ ಕೆಂಪಾಗಿ, ಅಂಚು ಕಲ್ಲಿನಿಂದ ಸ್ವಲ್ಪ ಎದ್ದು ತೆಳುಫಲಕದಂತೆ ಬೆಳೆಯುವ ಪೈಸೊನೇಲಿಯ ಎಂಬ ಇನ್ನೊಂದು ಕೆಂಪು ಪಾಚಿಯನ್ನು ಹಲವರು ಕೋರಲೈನ್ ಎಂದೇ ಭಾವಿಸುತ್ತಾರೆ. ಅದು ಇಷ್ಟು ಗಡಸಲ್ಲ, ಹವಳದ ಮೇಲೂ ಹತ್ತುತ್ತದೆ, ಆದ್ದರಿಂದ ಅದರ ಮೇಲೆ ಒಂದು ಕಣ್ಣಿರಲಿ. ಅಂಗಡಿಯಲ್ಲಿ ನೇರಳೆ ಬಣ್ಣ ಹಚ್ಚಿದ ಒಣಕಲ್ಲುಗಳೂ (ಜೀವಿಗಳಿಲ್ಲದ ಒಣಗಿದ ಕಲ್ಲುಗಳು) ಮಾರಾಟಕ್ಕಿರುತ್ತವೆ. ಆ ಬಣ್ಣದಲ್ಲಿ ಜೀವವಿಲ್ಲ.

ನೋಡಲು ಚಂದ ಎಂಬುದನ್ನು ಬಿಟ್ಟರೆ ಇದರಿಂದ ಪ್ರಯೋಜನವೇನು?

ಕಡಲಿನಲ್ಲಿ ಇದರ ಕೆಲಸ ದೊಡ್ಡದು. ಅಲೆಯ ಹೊಡೆತ ನೇರವಾಗಿ ಬೀಳುವ ಹವಳದಿಬ್ಬಗಳ ಹೊರ ಅಂಚಿನಲ್ಲಿ ಸಡಿಲ ತುಂಡುಗಳನ್ನು ಬೆಸೆದು ಗಟ್ಟಿ ಏರಿಯನ್ನು ಕಟ್ಟುವುದು ಇದೇ ಪಾಚಿ. 1896ರಿಂದ 1898ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯವರು ಪೆಸಿಫಿಕ್‌ನ ಫುನಾಫುಟಿ ದ್ವೀಪದಲ್ಲಿ ಆಳಕ್ಕೆ ಕೊರೆದು ತೆಗೆದ ಮಾದರಿಗಳಲ್ಲಿ ಸುಣ್ಣದ ಪಾಚಿಗಳ ಪಾಲು ಎದ್ದು ಕಂಡು, ಹವಳದ್ವೀಪವೆಂದರೆ ಹವಳ ಕಟ್ಟಿದ್ದಷ್ಟೇ ಎಂಬ ನಂಬಿಕೆ ಸಡಿಲವಾಯಿತು. ಹಲವು ಜಾತಿಯ ಹವಳಗಳ ಮರಿಗಳು ತಳವೂರುವ ಜಾಗವನ್ನು ಆರಿಸಿಕೊಳ್ಳುವುದೂ ಈ ಪಾಚಿಯ ಮತ್ತು ಅದರ ಮೇಲಿನ ಬ್ಯಾಕ್ಟೀರಿಯಗಳ ರಾಸಾಯನಿಕ ಸುಳಿವನ್ನು ಹಿಡಿದು.

ಮನೆಯ ಟ್ಯಾಂಕಿನಲ್ಲಿ ಲಾಭ ಇದಕ್ಕಿಂತ ಸಾಧಾರಣ. ಕಲ್ಲಿನ ಮೇಲ್ಮೈಯನ್ನು ಇದು ಆವರಿಸಿದ ಕಡೆ ಕೂದಲುಪಾಚಿಗೆ ನೆಲೆ ಸಿಗುವುದು ಕಷ್ಟ, ಏಕೆಂದರೆ ಹಲವು ಜಾತಿಗಳು ಮೇಲಿನ ಕೋಶಪದರವನ್ನು ಆಗಾಗ ಕಳಚಿ ಅಂಟಿಕೊಂಡ ಕಳೆಯನ್ನು ಉದುರಿಸುತ್ತವೆ. ಆದರೆ ಕೋರಲೈನ್ ಬಂದರೆ ಕಳೆಪಾಚಿ ತಾನಾಗಿ ಹೋಗುತ್ತದೆ ಎನ್ನುವವರು ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡಿಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ: ನೀರು ಹದಕ್ಕೆ ಬಂದುದರಿಂದ ಕಳೆ ತಗ್ಗಿತು, ಅದೇ ಹದದಿಂದಾಗಿ ಕೋರಲೈನ್ ಬಂದಿತು.

ಸಿಹಿನೀರಿನ ಟ್ಯಾಂಕಿನಲ್ಲಿ ಬೆಳೆಸಬಹುದೇ?

ಇಲ್ಲ. ಕ್ರೊಯೇಷಿಯದ ಸೆಟಿನಾ ನದಿಯಲ್ಲಿ ಸಿಹಿನೀರಿನ ಒಂದು ಜಾತಿ ಸಿಕ್ಕಿದ್ದು 2016ರಲ್ಲಿ ವರದಿಯಾಯಿತು, ಅದು ಕುತೂಹಲದ ಸಂಗತಿ ಅಷ್ಟೆ. ಹವ್ಯಾಸಿಗಳ ಕೈಗೆ ಸಿಗುವುದೆಲ್ಲ ಕಡಲನೀರಿನ ಜಾತಿಗಳು.

## ಮೊದಲ ಚುಕ್ಕೆ ಎಲ್ಲಿಂದ

ಒಣಕಲ್ಲು ಹಾಕಿ ಟ್ಯಾಂಕ್ ಆರಂಭಿಸಿದ್ದೇನೆ. ಕೋರಲೈನ್ ತಾನಾಗಿಯೇ ಬರುತ್ತದೆಯೇ?

ತಾನಾಗಿ ಬರುವುದಿಲ್ಲ; ಯಾವುದಾದರೊಂದು ವಸ್ತುವಿನ ಮೇಲೆ ಕುಳಿತು ಬರುತ್ತದೆ. ಹೊರಗಿನಿಂದ ತಂದ ಬಸವನಹುಳದ ಚಿಪ್ಪು, ಹವಳದ ತುಂಡನ್ನು ಅಂಟಿಸಿದ ಬಿಲ್ಲೆ, ಹಳೆಯ ಟ್ಯಾಂಕಿನ ಪಂಪು, ಇವೆಲ್ಲವೂ ಅದರ ವಾಹನಗಳೇ. ಎಲ್ಲಕ್ಕಿಂತ ಒಳ್ಳೆಯದು, ವರ್ಷಗಟ್ಟಲೆ ಚೆನ್ನಾಗಿ ನಡೆದ ಸ್ನೇಹಿತರ ಟ್ಯಾಂಕಿನಿಂದ ಮುಷ್ಟಿಗಾತ್ರದ ಒಂದು ಜೀವಂತ ಕಲ್ಲು, ಅಂದರೆ ಪಾಚಿ, ಬ್ಯಾಕ್ಟೀರಿಯಗಳು ನೆಲೆಸಿದ ಕಲ್ಲು. ಒಂದೇ ಬಣ್ಣದ ಕಲ್ಲಿಗಿಂತ ನೇರಳೆ, ಗುಲಾಬಿ, ಕೆಂಪು ಮೂರೂ ಇರುವ ಕಲ್ಲನ್ನು ಆರಿಸಿಕೊಳ್ಳಿ, ಏಕೆಂದರೆ ನಿಮ್ಮ ಬೆಳಕಿಗೂ ಹರಿವಿಗೂ ಯಾವ ಜಾತಿ ಒಗ್ಗುತ್ತದೆಂದು ಮೊದಲೇ ಹೇಳಲಾಗದು. ಅದರೊಂದಿಗೆ ಕಳೆಪಾಚಿಯೂ ಕೀಟಗಳೂ ಬರಬಹುದಾದ್ದರಿಂದ ಕೊಡುವವರ ಟ್ಯಾಂಕನ್ನು ಮೊದಲು ಕಣ್ಣಾರೆ ನೋಡಿ. ಕಲ್ಲನ್ನು ನೀರಿನಲ್ಲಿ ಮುಳುಗಿಸಿಯೇ ತನ್ನಿ. ನಿಮ್ಮ ಟ್ಯಾಂಕಿನಲ್ಲಿ ಅಮೋನಿಯ ಶೂನ್ಯಕ್ಕೆ ಇಳಿಯುವ ತನಕ ತರಬೇಡಿ.

ಮುರುಡೇಶ್ವರದ ಕಡೆ ಹೋಗುತ್ತಿದ್ದೇವೆ. ಸಮುದ್ರದಿಂದ ಒಂದು ಕಲ್ಲು ತಂದರೆ ತಪ್ಪೇ?

ತಪ್ಪು. ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಗಟ್ಟಿ ಹವಳಗಳೆಲ್ಲವೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನೀವು ಎತ್ತಿದ ಕಲ್ಲಿನಲ್ಲಿ ಜೀವಂತವಾದುದೋ ಸತ್ತದ್ದೋ ಹವಳದ ತುಂಡು ಇಲ್ಲವೆಂದು ಖಚಿತವಾಗಿ ಹೇಳುವುದು ತಿಳಿದವರಿಗೂ ಸುಲಭವಲ್ಲ. ಕಾನೂನಿನ ಮಾತನ್ನು ಬದಿಗಿಟ್ಟರೂ, ದಾರಿಯ ಸೆಕೆಯಲ್ಲಿ ಕಲ್ಲಿನೊಳಗಿನ ಜೀವಿಗಳು ಸತ್ತು ಕೊಳೆತು ನಿಮ್ಮ ಟ್ಯಾಂಕಿನ ನೀರನ್ನೇ ಕೆಡಿಸುತ್ತವೆ. ಸಾಕಿದ ಹವಳ ಮತ್ತು ಕಲ್ಲನ್ನು ಕೊಳ್ಳುವಾಗಲೂ ಅದರ ಮೂಲದ ಕಾಗದಪತ್ರ ಕೇಳುವುದು ವಾಡಿಕೆಯಾಗಬೇಕು.

ಬಾಟಲಿಯಲ್ಲಿ ಮಾರುವ ಕೋರಲೈನ್ ದ್ರವ ಹಾಕಿದರೆ ಬೇಗ ಬರುತ್ತದೆಯೇ? ಕೆರೆದ ಪುಡಿ ಹಾಕಿದರೆ?

ಬಾಟಲಿಗಳು ಎರಡು ಬಗೆಯವು. ಒಂದರಲ್ಲಿ ಪಾಚಿಯ ಜೀವಂತ ಕಣಗಳಿರುತ್ತವೆ. ತಾಜಾ ಇದ್ದು ತಂಪಿನಲ್ಲಿ ಸಾಗಿ ಬಂದಿದ್ದರೆ ಪ್ರಯೋಜನವಾಗಬಹುದು, ನಮ್ಮ ಸಾಗಣೆಯ ಬಿಸಿಯಲ್ಲಿ ಆ ಖಾತರಿ ಕಡಿಮೆ. ಇನ್ನೊಂದರಲ್ಲಿ ಇರುವುದು ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್‌ನಂಥ ಲವಣಗಳು. ಅದರ ಬೆಲೆಗೆ ಒಳ್ಳೆಯ ಪರೀಕ್ಷಾ ಕಿಟ್ ಬರುತ್ತದೆ, ಹಣ ಅದಕ್ಕೆ ಹಾಕಿ.

ಕೆರೆದ ಪುಡಿಯನ್ನು ಪಂಪಿನ ಮುಂದೆ ಸುರಿಯುವ ರೂಢಿಯಿದೆ. ಪಾಚಿಯು ಸಹಜವಾಗಿ ಹರಡುವುದು ಮೈಮೇಲಿನ ಸೂಕ್ಷ್ಮ ಗೂಡುಗಳಿಂದ ಹೊರಬೀಳುವ ಬೀಜಕಣಗಳ ಮೂಲಕ. ಆದ್ದರಿಂದ ಪುಡಿಗಿಂತ, ಆರೋಗ್ಯವಾಗಿರುವ ಕಲ್ಲನ್ನು ಹಾಗೆಯೇ ಹರಿವಿನ ಹಾದಿಯಲ್ಲಿ ಇರಿಸಿ ಬೀಜಕಣಗಳು ಹರಡಲು ಬಿಡುವುದು ಹೆಚ್ಚು ನಂಬಬಹುದಾದ ದಾರಿ.

ಎಂಟು ತಿಂಗಳಾಯಿತು, ಇನ್ನೂ ಒಂದು ಚುಕ್ಕೆಯೂ ಇಲ್ಲ. ಎಲ್ಲಿ ತಪ್ಪಾಗಿದೆ?

ಒಣಕಲ್ಲಿನ ಟ್ಯಾಂಕಿಗೆ ಎಂಟು ತಿಂಗಳು ಅಸಹಜವೇನಲ್ಲ. ಮೊದಲು ಕಂದು ಡಯಾಟಂ, ಆಮೇಲೆ ಹಸಿರು ಕೂದಲುಪಾಚಿ, ನಡುವೆ ಸಯನೋಬ್ಯಾಕ್ಟೀರಿಯ, ಹೀಗೆ ಸರದಿ ಮುಗಿದ ಮೇಲೆ ಇದರ ಪಾಳಿ. ಮೊದಲ ಗುರುತುಗಳು ಪಂಪಿನ ಬಾಯಿ, ಕೊಳವೆ, ಹಿಂಬದಿಯ ಗಾಜಿನ ಮೂಲೆ, ಬಸವನಹುಳದ ಚಿಪ್ಪು ಇಂಥ ಕಡೆ ಸಾಸಿವೆಗಿಂತ ಸಣ್ಣ ಗುಲಾಬಿ ಚುಕ್ಕೆಗಳಾಗಿ ಕಾಣುತ್ತವೆ. ಟಾರ್ಚ್ ಹಿಡಿದು ನೋಡಿ. ಅಲ್ಲಿಯೂ ಇಲ್ಲವಾದರೆ ಮೂರು ವಿಷಯಗಳನ್ನು ಈ ಕ್ರಮದಲ್ಲಿ ಪರಿಶೀಲಿಸಿ: ಜೀವಂತ ಮೂಲ ಟ್ಯಾಂಕಿಗೆ ಬಂದಿದೆಯೇ, ಒಂದು ವಾರದಲ್ಲಿ ಕ್ಷಾರೀಯತೆ (ನೀರಿನಲ್ಲಿರುವ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್‌ಗಳ ದಾಸ್ತಾನು) ಎಷ್ಟು ಏರಿಳಿಯುತ್ತದೆ, ಫಾಸ್ಫೇಟ್ ಎಷ್ಟಿದೆ.

## ನೀರು

ಯಾವ ಯಾವ ಅಳತೆ ಎಷ್ಟಿರಬೇಕು? ಕ್ಯಾಲ್ಸಿಯಂ 500ಕ್ಕೆ ಏರಿಸಿದರೆ ಬೇಗ ಬೆಳೆಯುತ್ತದೆಯೇ?

ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯನ್ನು ಅಳೆಯುವ ಮಾನ), ಮೆಗ್ನೀಸಿಯಂ 1250ರಿಂದ 1350 ಪಿಪಿಎಂ, ಪಿಎಚ್ 8.0ರಿಂದ 8.4, ಲವಣಾಂಶ ಸಾವಿರಕ್ಕೆ 35 ಭಾಗ. ಸಹಜ ಕಡಲನೀರಿನ ಅಳತೆಗಳು ಇವಕ್ಕೆ ಹತ್ತಿರವೇ ಇವೆ. ಕ್ಷಾರೀಯತೆ ಮಾತ್ರ ಅಲ್ಲಿ 7ರ ಆಸುಪಾಸು.

ಕ್ಯಾಲ್ಸಿಯಂ ಏರಿಸಿದರೆ ಬೆಳವಣಿಗೆ ಏರುವುದಿಲ್ಲ. 420 ಪಿಪಿಎಂನಲ್ಲಿಯೇ ಪಾಚಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಕ್ಯಾಲ್ಸಿಯಂ ನೀರಿನಲ್ಲಿರುತ್ತದೆ. ಮೊದಲು ಕೊರತೆಗೆ ಬರುವುದು ಕ್ಷಾರೀಯತೆ, ಅಂದರೆ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್‌ಗಳ ದಾಸ್ತಾನು. ಸೋಮವಾರ 7, ಗುರುವಾರ 10, ಭಾನುವಾರ ಮತ್ತೆ 7 ಎಂದು ಕುಣಿಯುವ ಟ್ಯಾಂಕಿಗಿಂತ ವರ್ಷವಿಡೀ 7.5ರಲ್ಲಿ ನಿಂತ ಟ್ಯಾಂಕಿನಲ್ಲಿ ಕಲ್ಲು ಬೇಗ ನೇರಳೆಯಾಗುತ್ತದೆ. ಯಾವ ಅಳತೆಯನ್ನೇ ಸರಿಪಡಿಸುವುದಿದ್ದರೂ ಕ್ಷಾರೀಯತೆಯನ್ನು ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಕದಲಿಸಬೇಡಿ.

ಮೆಗ್ನೀಸಿಯಂ ಯಾಕೆ ಅಳೆಯಬೇಕು ಸರ್? ಅದು ಖರ್ಚಾಗುವುದೇ ಇಲ್ಲವಲ್ಲ.

ಖರ್ಚಾಗುತ್ತದೆ, ನಿಧಾನವಾಗಿ. ಕೋರಲೈನ್‌ನ ಕ್ಯಾಲ್ಸೈಟ್‌ನಲ್ಲಿ ಮೆಗ್ನೀಸಿಯಂ ಸೇರುವುದರಿಂದ, ಗಾಜೆಲ್ಲ ನೇರಳೆಯಾದ ಟ್ಯಾಂಕಿನಲ್ಲಿ ಅದರ ಇಳಿಕೆ ಕೆಲವು ತಿಂಗಳಲ್ಲಿ ಕಿಟ್ಟಿಗೆ ಸಿಗುವಷ್ಟಾಗುತ್ತದೆ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದುದು. ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತಾನಾಗಿ ಹರಳುಗಟ್ಟಿ ಹೀಟರಿನ ಮೇಲೂ ಪಂಪಿನೊಳಗೂ ಕೂರದಂತೆ ತಡೆಯುವುದು ಮೆಗ್ನೀಸಿಯಂ. ಅದು 1200ಕ್ಕಿಂತ ಕೆಳಗಿಳಿದ ಟ್ಯಾಂಕಿನಲ್ಲಿ ಕ್ಷಾರೀಯತೆ ಏರಿಸಲು ನೀವು ಎಷ್ಟು ಅಡುಗೆ ಸೋಡಾ, ಜೊತೆಗೆ ಎಷ್ಟು ಕ್ಯಾಲ್ಸಿಯಂ ಸುರಿದರೂ ಅಳತೆ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಅಳೆದರೆ ಸಾಕು.

ಅಡುಗೆಮನೆಯ ಆರ್‌ಒ ನೀರು ಸಾಕಲ್ಲವೇ?

ಸಾಕಾಗುವುದಿಲ್ಲ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ಹಾಗಾಗಿ ಅದರಿಂದ ಬರುವ ನೀರಿನ ಟಿಡಿಎಸ್ (ಕರಗಿರುವ ಒಟ್ಟು ಪದಾರ್ಥಗಳ ಅಳತೆ) ಹಲವು ಹತ್ತುಗಳಲ್ಲಿಯೇ ಇರುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಒಂದು ವಾರ ಕಾವೇರಿ ನೀರು, ಇನ್ನೊಂದು ವಾರ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಂದರೆ ನಿಮ್ಮ ಟ್ಯಾಂಕಿಗೆ ಸೇರುವ ಲವಣಗಳೂ ನೈಟ್ರೇಟೂ ವಾರವಾರಕ್ಕೆ ಬದಲಾಗುತ್ತವೆ. ಆರ್‌ಒ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ಕಣಗಳು) ಇರುವ ಘಟಕದಿಂದ ಟಿಡಿಎಸ್ ಶೂನ್ಯಕ್ಕೆ ತಂದು, ಆಮೇಲೆ ಉಪ್ಪಿನ ಮಿಶ್ರಣ ಬೆರೆಸಿ. ಆವಿಯಾಗಿ ಹೋದದ್ದನ್ನು ತುಂಬಲೂ ಇದೇ ನೀರು.

ನಾವು ಉಡುಪಿಯವರು, ಕಡಲು ಹತ್ತಿರವೇ ಇದೆ. ಅದೇ ನೀರು ತಂದು ಹಾಕಬಾರದೇ?

ಬೇಸಿಗೆಯಲ್ಲಿ, ಅಳಿವೆಯಿಂದಲೂ ಬಂದರಿನಿಂದಲೂ ದೂರವಾಗಿ, ದೋಣಿಯವರ ಸಹಾಯದಿಂದ ಒಳಗಿನಿಂದ ತಂದ ನೀರಾದರೆ ಆಗಬಹುದು. ಅದನ್ನೂ ಸೋಸಿ, ಲವಣಾಂಶ ಅಳೆದೇ ಬಳಸಬೇಕು. ಮಳೆಗಾಲದಲ್ಲಿ ಬೇಡವೇ ಬೇಡ. ಘಟ್ಟದಿಂದ ಇಳಿಯುವ ಹೊಳೆಗಳೆಲ್ಲ ತುಂಬಿ ಹರಿದು ತೀರದ ನೀರಿನ ಲವಣಾಂಶವನ್ನು ಇಳಿಸುತ್ತವೆ, ಹೂಳನ್ನೂ ಗದ್ದೆಯ ಗೊಬ್ಬರವನ್ನೂ ತರುತ್ತವೆ. ಆರು ತಿಂಗಳು ಒಂದು ನೀರು, ಆರು ತಿಂಗಳು ಇನ್ನೊಂದು ನೀರು ಎಂಬುದು ಈ ಪಾಚಿಗೆ ಒಗ್ಗದ ಪದ್ಧತಿ.

ಫಾಸ್ಫೇಟ್ ಇದ್ದರೆ ಪಾಚಿಗೆ ಗೊಬ್ಬರವಲ್ಲವೇ? ಯಾಕೆ ಕಡಿಮೆ ಮಾಡಬೇಕು?

ಹಸಿರು ಪಾಚಿಗೆ ಗೊಬ್ಬರ, ನಿಜ. ಆದರೆ ಫಾಸ್ಫೇಟ್ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಿನ ಬೆಳೆಯುವ ಮೇಲ್ಮೈಗೆ ಅಂಟಿ ಮುಂದಿನ ಪದರ ಕೂರದಂತೆ ಮಾಡುತ್ತದೆ; ಜೊತೆಗೆ ಕೂದಲುಪಾಚಿ ಸೊಂಪಾಗಿ ಬೆಳೆದು ಕೋರಲೈನ್‌ಗೆ ಬೆಳಕು ಬೀಳದಂತೆ ಮುಚ್ಚುತ್ತದೆ. 0.1 ಪಿಪಿಎಂಗಿಂತ ಕೆಳಗೆ ಇರಲಿ, ಶೂನ್ಯವಾಗುವುದು ಬೇಡ, ಏಕೆಂದರೆ ಜೀವಕೋಶಕ್ಕೆ ಅದೂ ಬೇಕು. ಮೀನಿಗೆ ಹಾಕುವ ಆಹಾರದ ಪ್ರಮಾಣವನ್ನು ಮೊದಲು ನೋಡಿ, ಫಾಸ್ಫೇಟ್ ಹೀರುವ ಮಾಧ್ಯಮದ ಯೋಚನೆ ಆಮೇಲೆ.

## ಬೆಳಕು, ಸೆಕೆ, ಜೊತೆಗಾರರು

ಎಷ್ಟು ಬೆಳಕು ಕೊಡಬೇಕು? ನೀಲಿ ಬೆಳಕೇ ಬೇಕೇ?

ಹವಳಕ್ಕೆ ಸಾಕಾಗುವ ಬೆಳಕು ಇದಕ್ಕೆ ಧಾರಾಳ. ಕೆಂಪು ಪಾಚಿಗಳಲ್ಲಿರುವ ಫೈಕೊಎರಿಥ್ರಿನ್ ಎಂಬ ವರ್ಣದ್ರವ್ಯವು ನೀರಿನಲ್ಲಿ ಆಳಕ್ಕೆ ಇಳಿಯುವ ನೀಲಿ-ಹಸಿರು ಬೆಳಕನ್ನು ಹೀರಿಕೊಳ್ಳಬಲ್ಲುದು. ಬಹಾಮಸ್‌ನ ಸ್ಯಾನ್ ಸಾಲ್ವಡಾರ್ ಬಳಿ 268 ಮೀಟರ್ ಆಳದಲ್ಲಿ ಕೋರಲೈನ್ ಬೆಳೆಯುತ್ತಿರುವುದು 1985ರಲ್ಲಿ ವರದಿಯಾಗಿದೆ. ಅಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕತ್ತಲೆಯೇ. ನೀಲಿ ಪಾಲು ಹೆಚ್ಚಿರುವ ಎಲ್‌ಇಡಿ ಅನುಕೂಲ, ಕಡ್ಡಾಯವಲ್ಲ. ನೆರಳಿನ ಜಾತಿಗಳು ಗಾಢ ನೇರಳೆಯಾಗಿ ಕಲ್ಲಿನ ಅಡಿಯಲ್ಲಿಯೂ, ಬೆಳಕನ್ನು ಸಹಿಸುವ ಜಾತಿಗಳು ತಿಳಿಗುಲಾಬಿಯಾಗಿ ಮೇಲುಗಡೆಯೂ ಹಂಚಿಕೊಂಡು ನೆಲೆಸುತ್ತವೆ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಹೊಸ ದೀಪ ಹಾಕಿದಾಗ ಅರ್ಧ ಪ್ರಖರತೆಯಿಂದ ಆರಂಭಿಸಿ ವಾರಗಳ ಮೇಲೆ ಏರಿಸಿ.

ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ದಾಟುತ್ತದೆ. ಫ್ಯಾನ್ ಸಾಕೇ, ಚಿಲ್ಲರ್ ಬೇಕೇ?

ಊರಿನ ಮೇಲೆ ಹೋಗುತ್ತದೆ. ನೀರಿನ ಮೇಲ್ಮೈಗೆ ಗಾಳಿ ಬೀಸಿದಾಗ ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ. ಕಲಬುರಗಿಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟಾಗಿ ಮಾಡುವುದಿಲ್ಲ. ಅಲ್ಲಿ ಚಿಲ್ಲರ್‌ನ ಖರ್ಚು ತಪ್ಪದು. 24ರಿಂದ 27 ಡಿಗ್ರಿಯ ನಡುವೆ ಇರಲಿ. ಫ್ಯಾನ್ ಹಾಕಿದ ಮನೆಯಲ್ಲಿ ಆವಿಯಾಗುವುದು ಸಿಹಿನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ದಿನವೂ ತುಂಬದಿದ್ದರೆ ಲವಣಾಂಶ ಏರುತ್ತದೆ. ಕರೆಂಟ್ ಹೋದಾಗ ಹರಿವು ನಿಲ್ಲದಂತೆ ಬ್ಯಾಟರಿಯ ಗಾಳಿಪಂಪು ಒಂದು ಇರಲಿ.

ಕಡಲಚಿಳ್ಳೆ ತಂದೆ, ಈಗ ಕಲ್ಲಿನ ಮೇಲೆ ಬಿಳಿ ಗೀರುಗಳು ಬಿದ್ದಿವೆ. ತೆಗೆದುಬಿಡಲೇ?

ಮುಳ್ಳಿನ ಚೆಂಡಿನಂತಿರುವ ಈ ಪ್ರಾಣಿ ಐದು ಹಲ್ಲುಗಳಿಂದ ಕಲ್ಲನ್ನು ಕೆರೆದು ತಿನ್ನುತ್ತದೆ. ಕೂದಲುಪಾಚಿಯ ಜೊತೆ ಕೋರಲೈನ್ ಕೂಡ ಹೋಗುತ್ತದೆ. ಕಲ್ಲೆಲ್ಲ ನೇರಳೆಯಾದ ಟ್ಯಾಂಕಿನಲ್ಲಿ ಒಂದು ಇದ್ದರೆ ತೊಂದರೆಯಿಲ್ಲ, ಕೆರೆದ ಜಾಗ ಮತ್ತೆ ತುಂಬಿಕೊಳ್ಳುತ್ತದೆ. ಈಗಷ್ಟೇ ಚುಕ್ಕೆಗಳು ಮೂಡುತ್ತಿರುವ ಟ್ಯಾಂಕಿನಲ್ಲಿ ಬೇಡ. ಅಲ್ಲಿ ಟ್ರೋಕಸ್, ಸೆರಿತ್‌ನಂಥ ಬಸವನಹುಳಗಳು ಮೇಲಿನ ಮೆದು ಪಾಚಿಯನ್ನು ಸವರಿ ತೆಗೆದು ಕೋರಲೈನ್‌ಗೆ ಬೆಳಕನ್ನು ಬಿಡಿಸಿಕೊಡುತ್ತವೆ. ಕೈಟನ್ ಎಂಬ ಚಪ್ಪಟೆ ಚಿಪ್ಪಿನ ಜೀವಿಯೂ ಕೋರಲೈನ್ ಕೆರೆಯುವುದುಂಟು, ಅದನ್ನು ಹುಡುಕಿ ತೆಗೆಯುವಷ್ಟು ಹಾನಿಯಿಲ್ಲ.

## ಹಳಬರ ಪ್ರಶ್ನೆಗಳು

ಕೋರಲೈನ್ ಚೆನ್ನಾಗಿ ಹಬ್ಬಿದ ಮೇಲೆ ಕ್ಷಾರೀಯತೆ ದಿನವೂ ಬೀಳುತ್ತಿದೆ, ಕ್ಯಾಲ್ಸಿಯಂ ಮಾತ್ರ ಹಾಗೆಯೇ ಇದೆ. ಕಿಟ್ ಕೆಟ್ಟಿದೆಯೇ?

ಕಿಟ್ ಸರಿಯಾಗಿಯೇ ಇದೆ. ಸುಣ್ಣ ಕಟ್ಟುವ ಜೀವಿಗಳು 2.8 ಡಿಕೆಎಚ್ ಕ್ಷಾರೀಯತೆಯನ್ನು ಬಳಸಿದಾಗ ಖರ್ಚಾಗುವ ಕ್ಯಾಲ್ಸಿಯಂ ಸುಮಾರು 20 ಪಿಪಿಎಂ. ಕೋರಲೈನ್‌ನಲ್ಲಿ ಮೆಗ್ನೀಸಿಯಂ ಕೆಲವೆಡೆ ಕ್ಯಾಲ್ಸಿಯಂನ ಸ್ಥಾನವನ್ನು ಹಿಡಿಯುವುದರಿಂದ ಇನ್ನೂ ತುಸು ಕಡಿಮೆ. ಅಂದರೆ 1 ಡಿಕೆಎಚ್ ಬಿದ್ದರೆ ಕ್ಯಾಲ್ಸಿಯಂ ಇಳಿಯುವುದು 7 ಪಿಪಿಎಂ ಮಾತ್ರ. ಮನೆಯ ಕಿಟ್ಟಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದಲೇ ನಿತ್ಯದ ಲೆಕ್ಕಕ್ಕೆ ಕ್ಷಾರೀಯತೆಯನ್ನು ಹಿಡಿಯಬೇಕು.

ಲೆಕ್ಕ ಹೀಗೆ: 100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಅಡುಗೆ ಸೋಡಾ ಬೇಕು. 200 ಲೀಟರ್‌ನ ಟ್ಯಾಂಕಿನಲ್ಲಿ ಎರಡು ದಿನಕ್ಕೆ 8.5ರಿಂದ 7.5ಕ್ಕೆ ಇಳಿದರೆ ದಿನದ ಖರ್ಚು ಅರ್ಧ ಡಿಕೆಎಚ್, ದಿನದ ಸೋಡಾ 3 ಗ್ರಾಂ. ಅದಕ್ಕೆ ಸರಿಸಾಟಿಯಾದ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸುಮಾರು 2.6 ಗ್ರಾಂ. ಎರಡನ್ನೂ ಬೇರೆ ಬೇರೆ ಶುದ್ಧ ನೀರಿನಲ್ಲಿ ಕರಗಿಸಿ, ಬೇರೆ ಹೊತ್ತಿನಲ್ಲಿ, ಹರಿವು ಜೋರಾಗಿರುವ ಕಡೆ ಹಾಕಿ. ಒಟ್ಟಿಗೆ ಸುರಿದರೆ ನೀರು ಹಾಲಿನಂತಾಗಿ ಎರಡೂ ವ್ಯರ್ಥ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಬಳಸಬೇಡಿ.

ತಾಂಬೂಲದ ಸುಣ್ಣದ ತಿಳಿನೀರು ಹಾಕಬಹುದೇ? ಅದೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ತಾನೇ?

ವಿಧಾನ ಒಳ್ಳೆಯದು, ಸಾಮಗ್ರಿ ಸರಿಯಿಲ್ಲ. ಸುಣ್ಣದ ತಿಳಿನೀರು ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಕೊಡುತ್ತದೆ, ಪಿಎಚ್ ಏರಿಸುತ್ತದೆ. ಆದರೆ ಎಲೆಯಡಿಕೆಗೆ ಮಾರುವ ಡಬ್ಬಿಯ ಸುಣ್ಣದಲ್ಲಿ ಬಣ್ಣವೋ ಸುವಾಸನೆಯೋ ಬೇರೆ ಖನಿಜವೋ ಬೆರೆತಿರಬಹುದು. ಚಿಟಿಕೆಯಷ್ಟು ಬಾಯಿಗೆ ಹಾಕುವುದಕ್ಕೂ ದಿನವೂ ಲೀಟರುಗಟ್ಟಲೆ ಟ್ಯಾಂಕಿಗೆ ಇಳಿಸುವುದಕ್ಕೂ ಒಂದೇ ಮಟ್ಟದ ಶುದ್ಧತೆ ಸಾಲದು. ಆಹಾರ ದರ್ಜೆಯ ಶುದ್ಧ ಪುಡಿಯನ್ನು ಕೊಳ್ಳಿ.

ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗುವುದು ಸುಮಾರು 1.7 ಗ್ರಾಂ. ಮುಚ್ಚಿಟ್ಟು ಮಡ್ಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ, ಆವಿಯಾದ ನೀರಿನ ಬದಲಿಗೆ, ಹನಿಹನಿಯಾಗಿ ಬಿಡಬೇಕು. ಪಿಎಚ್ ಇಳಿದಿರುವ ರಾತ್ರಿಯ ಹೊತ್ತು ಸೂಕ್ತ. ತಿಳಿನೀರಿನ ಪಿಎಚ್ 12ಕ್ಕೂ ಮೇಲೆ. ಒಮ್ಮೆಗೇ ಸುರಿದರೆ ಮೀನಿಗೆ ಪ್ರಾಣಾಪಾಯ, ಕಣ್ಣಿಗೆ ಸಿಡಿದರೆ ನಿಮಗೂ ಅಪಾಯ.

ಹಗಲೂ ರಾತ್ರಿ ಎಸಿ ಹಾಕಿದ ಕೋಣೆಯಲ್ಲಿ ಟ್ಯಾಂಕ್ ಇದೆ. ಕ್ಷಾರೀಯತೆ 9 ಇದ್ದರೂ ಪಿಎಚ್ 7.8 ದಾಟುವುದಿಲ್ಲ, ಯಾಕೆ?

ಮುಚ್ಚಿದ ಕೋಣೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ನೀರಿಗೂ ಇಳಿಯುತ್ತದೆ. ಸೋಡಾ ಹಾಕಿ ಇದನ್ನು ಸರಿಪಡಿಸಲಾಗದು. ಕಿಟಕಿ ಸ್ವಲ್ಪ ತೆರೆದಿಡಿ, ಇಲ್ಲವೇ ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಯಂತ್ರ) ಗಾಳಿ ಎಳೆಯುವ ಕೊಳವೆಯ ತುದಿಯನ್ನು ಹೊರಗೆ ಒಯ್ಯಿರಿ. 7.8ರಲ್ಲಿಯೂ ಕೋರಲೈನ್ ಬದುಕುತ್ತದೆ, ಬೆಳವಣಿಗೆ ತಗ್ಗುತ್ತದೆ. ಮೆಗ್ನೀಸಿಯಂ ಹೆಚ್ಚಿರುವ ಕ್ಯಾಲ್ಸೈಟ್ ಇತರ ಜೀವಿಗಳ ಸುಣ್ಣಕ್ಕಿಂತ ಸುಲಭವಾಗಿ ಕರಗುವಂಥದ್ದು. ಕಡಲು ಆಮ್ಲೀಯವಾಗುತ್ತಿರುವುದರ ಪೆಟ್ಟು ಈ ಪಾಚಿಗಳಿಗೆ ಮೊದಲೇ ತಗಲೀತು ಎಂಬ ಆತಂಕಕ್ಕೂ ಕಾರಣ ಇದೇ.

ರಾತ್ರಿ ಬೆಳಗಾಗುವುದರೊಳಗೆ ನೇರಳೆ ಕಲ್ಲು ಬೆಳ್ಳಗಾಗಿದೆ. ಏನಾಯಿತು?

ಹಿಂದಿನ ಎರಡು ಮೂರು ದಿನ ಏನು ಬದಲಾಯಿಸಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಹೆಚ್ಚಾಗಿ ಕಾಣುವ ಕಾರಣ, ಟ್ಯಾಂಕಿನಲ್ಲಿ 7 ಇದ್ದಾಗ 11 ಡಿಕೆಎಚ್ ಇರುವ ಉಪ್ಪಿನ ಮಿಶ್ರಣದಿಂದ ಅರ್ಧ ನೀರು ಬದಲಾಯಿಸಿದ್ದು. ಬೆಳ್ಳಗಾದದ್ದು ಮೇಲ್ಭಾಗ ಮಾತ್ರ, ಗೆರೆ ಎಳೆದಂತೆ ನೇರವಾಗಿದ್ದರೆ, ನೀರು ತೆಗೆದಾಗ ಆ ಭಾಗ ಗಾಳಿಗೆ ಒಣಗಿದೆ. ದೀಪಕ್ಕೆ ಎದುರಾದ ಕಡೆ ಮಾತ್ರ ಆಗಿದ್ದರೆ ಬೆಳಕಿನ ಪೆಟ್ಟು. ಎಲ್ಲ ಕಡೆಯೂ ಆಗಿ, ಬಸವನಹುಳಗಳೂ ಬಿದ್ದಿದ್ದರೆ ತಾಮ್ರವಿರುವ ಮೀನಿನ ಔಷಧಿಯನ್ನು ಶಂಕಿಸಿ. ಹಾಗಾದಲ್ಲಿ ಸಕ್ರಿಯ ಇದ್ದಿಲು ಹಾಕಿ ನೀರು ಬದಲಾಯಿಸುವುದು ತುರ್ತು. ಉಳಿದ ಸಂದರ್ಭಗಳಲ್ಲಿ ಗಡಿಬಿಡಿಯಿಂದ ಮತ್ತೊಂದು ಬದಲಾವಣೆ ಮಾಡದಿರುವುದೇ ಚಿಕಿತ್ಸೆ. ಸಂದಿಗಳಲ್ಲಿ ಉಳಿದ ಜೀವಂತ ಅಂಚಿನಿಂದ ಕೆಲವು ವಾರಗಳಲ್ಲಿ ಬಣ್ಣ ಹರಡುತ್ತದೆ.

ಈಗ ಅತಿಯಾಗಿದೆ. ಗಾಜು ಕಾಣುವುದಿಲ್ಲ, ಪಂಪು ಸದ್ದು ಮಾಡುತ್ತಿದೆ. ಏನು ಮಾಡಲಿ?

ಮುಂಭಾಗದ ಗಾಜನ್ನು ವಾರಕ್ಕೊಮ್ಮೆ ಚುಕ್ಕೆಗಳಿರುವಾಗಲೇ ಕೆರೆಯಿರಿ, ಪದರ ದಪ್ಪವಾದರೆ ತೋಳು ನೋಯುತ್ತದೆ. ಗಾಜಿಗೆ ಲೋಹದ ಬ್ಲೇಡ್, ಅಕ್ರಿಲಿಕ್‌ಗೆ ಪ್ಲಾಸ್ಟಿಕ್ ಮಾತ್ರ. ಮೂಲೆಯ ಸಿಲಿಕೋನ್‌ಗೆ ಬ್ಲೇಡ್ ತಾಗಬಾರದು. ಹಿಂಬದಿಯ ಗಾಜನ್ನು ಹಾಗೆಯೇ ಬಿಡಿ. ಪಂಪನ್ನು ಬಿಚ್ಚಿ, ಒಂದು ಪಾಲು ಬಿಳಿ ವಿನೆಗರ್‌ಗೆ ಒಂದು ಪಾಲು ನೀರು ಬೆರೆಸಿ ಅದರಲ್ಲಿ ಕೆಲವು ಗಂಟೆ ನೆನೆಸಿಡಿ. ಗುಳ್ಳೆ ಏಳುವುದು ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಮರಳಿ ಜೋಡಿಸಿ. ಪಂಪಿನ ಮೇಲಿನ ಪದರವೇ ನಿಮ್ಮ ಟ್ಯಾಂಕಿನ ಏಕೈಕ ಮೂಲವಾಗಿದ್ದರೆ, ಕಲ್ಲಿನ ಮೇಲೆ ಅದು ನೆಲೆಗೊಳ್ಳುವವರೆಗೆ ಆ ಪಂಪನ್ನು ವಿನೆಗರ್‌ಗೆ ಹಾಕಬೇಡಿ.